ಪೋಕ್ಸೊ ಪ್ರಕರಣದಲ್ಲಿ ಮಗು ಮತ್ತು ಮನೆಯವರ ಜೊತೆ ನಿಲ್ಲುವುದು ಹೇಗೆ

ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗುವಿಗೆ ನೆರವಾಗಲು ಬರುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ, ಏನಾಯಿತು ಎಂದು ಕೇಳುವುದು. ಅಷ್ಟು ಹೊತ್ತಿಗೆ ಆ ಮಗು ಅದನ್ನು ಅಮ್ಮನಿಗೆ, ಟೀಚರಿಗೆ, ಪೊಲೀಸರಿಗೆ, ಡಾಕ್ಟರಿಗೆ ಹೇಳಿ ದಣಿದಿರುತ್ತದೆ. ಮುಂದೆ ಮಕ್ಕಳ ಕಲ್ಯಾಣ ಸಮಿತಿಗೆ, ಮ್ಯಾಜಿಸ್ಟ್ರೇಟರಿಗೆ, ಕೊನೆಗೆ ವಿಶೇಷ ನ್ಯಾಯಾಲಯಕ್ಕೆ ಮತ್ತೆ ಹೇಳಬೇಕು. ಇಷ್ಟೆಲ್ಲರ ನಡುವೆ, ಅದನ್ನು ಕೇಳದೆಯೂ ತನ್ನ ಜೊತೆ ಕೂರುವ ಒಬ್ಬರು ಮಗುವಿಗೆ ಬೇಕು. ತನಿಖೆ ಪೊಲೀಸರದು, ಸತ್ಯ ತೀರ್ಮಾನಿಸುವುದು ನ್ಯಾಯಾಲಯದ್ದು. ಮುಂದೆ ಏನಾಗುತ್ತದೆ ಎಂದು ಮಗುವಿಗೆ ಮೊದಲೇ ತಿಳಿಸುವುದು ಮತ್ತು ಹೇಳಿದಂತೆಯೇ ಆಗುವ ಹಾಗೆ ನೋಡಿಕೊಳ್ಳುವುದು ನಿಮ್ಮ ಕೆಲಸ. ಕೆಳಗಿನ ಪ್ರತಿ ಹಂತದಲ್ಲೂ ಇದೊಂದನ್ನು ಹಿಡಿದುಕೊಂಡರೆ ದಾರಿ ತಪ್ಪುವುದು ಕಡಿಮೆ.

ಮಗು ಬಾಯಿಬಿಟ್ಟಾಗ

ಮಕ್ಕಳು ಎಲ್ಲವನ್ನೂ ಒಂದೇ ಸಲ ಹೇಳುವುದಿಲ್ಲ. "ಆ ಅಂಕಲ್ ಮನೆಗೆ ನಾನು ಟ್ಯೂಷನ್‌ಗೆ ಹೋಗಲ್ಲ" ಎನ್ನುವಲ್ಲಿಂದ ಶುರುವಾಗಬಹುದು. ಕೇಳಿದವರ ಮುಖ ಹೇಗಾಯಿತು ಎಂದು ನೋಡಿಕೊಂಡು ಮುಂದೆ ಹೇಳುವುದೋ ಬೇಡವೋ ಎಂದು ಮಗು ತೀರ್ಮಾನಿಸುತ್ತದೆ. ಆಗ ಕಿರುಚುವುದು, ಅಳುವುದು, "ಅವನನ್ನ ಕೊಂದುಬಿಡ್ತೀನಿ" ಎಂದು ಎದ್ದು ಹೋಗುವುದು, ಇವೆಲ್ಲ ಮಗುವಿನ ಬಾಯಿ ಮುಚ್ಚಿಸುತ್ತವೆ. ತನ್ನ ಮಾತಿನಿಂದ ಅಪ್ಪ ಜೈಲಿಗೆ ಹೋಗುತ್ತಾನೆ, ಅಮ್ಮ ಕುಸಿಯುತ್ತಾಳೆ ಎಂದು ಅದಕ್ಕೆ ಅನಿಸಿಬಿಡುತ್ತದೆ.

ಹೇಳಬೇಕಾದ ಮಾತು ಸ್ವಲ್ಪವೇ. "ನೀನು ಹೇಳಿದ್ದು ಒಳ್ಳೇದಾಯ್ತು. ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲ. ನಾನು ನಿನ್ನ ಜೊತೆ ಇರ್ತೀನಿ." ಕೇಳಲೇಬೇಕಾದರೆ "ಆಮೇಲೆ ಏನಾಯ್ತು?", "ಅದರ ಬಗ್ಗೆ ಇನ್ನೂ ಹೇಳ್ತೀಯಾ?" ಎನ್ನುವಂಥ ತೆರೆದ ಪ್ರಶ್ನೆ ಸಾಕು. "ಅವನು ನಿನ್ನ ಇಲ್ಲಿ ಮುಟ್ಟಿದನಾ?" ಎಂದು ಉತ್ತರವನ್ನು ಒಳಗಿಟ್ಟು ಕೇಳಬಾರದು. ಅಂಥ ಪ್ರಶ್ನೆಗೆ ಬಂದ ಉತ್ತರವನ್ನು ಮುಂದೆ ಪಾಟೀಸವಾಲಿನಲ್ಲಿ (ಆರೋಪಿಯ ವಕೀಲರ ಪ್ರಶ್ನೆಗಳಲ್ಲಿ) "ದೊಡ್ಡವರು ಹೇಳಿಕೊಟ್ಟದ್ದು" ಎಂದು ತಳ್ಳಿಹಾಕಲು ದಾರಿಯಾಗುತ್ತದೆ. ಮಗು ಈಗ ಎಲ್ಲಿದೆ, ಆ ವ್ಯಕ್ತಿ ಮತ್ತೆ ಅದರ ಹತ್ತಿರ ಬರಬಲ್ಲನೇ, ನೋವು ಅಥವಾ ರಕ್ತಸ್ರಾವ ಇದೆಯೇ ಎಂಬಷ್ಟು ತಿಳಿದರೆ ಅಲ್ಲಿಗೆ ನಿಲ್ಲಿಸಿ.

"ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ, ಏಕೆಂದರೆ ಅದನ್ನು ಉಳಿಸಿಕೊಳ್ಳಲು ನಿಮಗೆ ಕಾನೂನೇ ಬಿಡುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ, ಅಂದರೆ ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಕಾಯ್ದೆಯ, 19ನೇ ಸೆಕ್ಷನ್ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಅಡಿ ಶಿಕ್ಷೆಯಿದೆ. ಶಾಲೆ, ಹಾಸ್ಟೆಲಿನಂಥ ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಕಾನೂನಿನ ರಕ್ಷಣೆಯೂ ಇದೆ. ಆದ್ದರಿಂದ ಮಗುವಿಗೆ ನಿಜವನ್ನೇ ಹೇಳಿ: "ನಿನ್ನನ್ನ ಕಾಪಾಡೋಕೆ ಬೇಕಾದವರಿಗೆ ಮಾತ್ರ ಹೇಳ್ತೀನಿ. ಯಾರಿಗೆ ಹೇಳ್ತೀನಿ ಅಂತ ಮೊದಲು ನಿನಗೆ ತಿಳಿಸ್ತೀನಿ."

ಮಾತು ಮುಗಿದ ಕೂಡಲೇ ಬರೆದಿಡಿ. ದಿನ, ಹೊತ್ತು, ಯಾರಿದ್ದರು, ನೀವು ಕೇಳಿದ್ದೇನು, ಮಗು ಹೇಳಿದ್ದೇನು. ದೇಹದ ಭಾಗಗಳಿಗೆ ಮಗು ಬಳಸಿದ ಪದವನ್ನೇ ಬರೆಯಿರಿ, ನೀವು ತಿದ್ದಬೇಡಿ. ಮೊಬೈಲಿನಲ್ಲಿ ಮಗುವಿನ ವಿಡಿಯೊ ಮಾಡುವುದಂತೂ ಬೇಡ. ಆರೋಪಿಯನ್ನು ಕರೆಸಿ "ಇವಳ ಎದುರಿಗೇ ಹೇಳು" ಎನ್ನುವ ಮನೆ ಪಂಚಾಯಿತಿ ಮಗುವಿಗೆ ಎರಡನೆಯ ಏಟು, ಜೊತೆಗೆ ಸಾಕ್ಷ್ಯ ಅಳಿಸಲು ಅವನಿಗೆ ಸಿಕ್ಕ ಸಮಯ. ಫೋನಿನಲ್ಲಿ ಫೋಟೊ, ಮೆಸೇಜು, ವಿಡಿಯೊ ಇದ್ದರೆ ಅಳಿಸಬೇಡಿ, ಸಾಕ್ಷಿಗೆಂದು ವಾಟ್ಸ್‌ಆ್ಯಪ್‌ನಲ್ಲಿ ಯಾರಿಗೂ ಕಳಿಸಲೂ ಬೇಡಿ. ಮಗುವಿನ ಅಶ್ಲೀಲ ದೃಶ್ಯವನ್ನು ಹಂಚುವುದು ಅಪರಾಧ. ಫೋನನ್ನೇ ಪೊಲೀಸರಿಗೆ ಒಪ್ಪಿಸಿ, ಒಪ್ಪಿಸಿದ್ದಕ್ಕೆ ರಸೀದಿ ಅಥವಾ ಮಹಜರಿನ ಪ್ರತಿ ಕೇಳಿ.

ದೂರು ಬರೆಯುವಾಗ

ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಘಟನೆ ಬೇರೆ ಠಾಣೆಯ ವ್ಯಾಪ್ತಿಯದಾದರೂ ಝೀರೊ ಎಫ್‌ಐಆರ್ ದಾಖಲಿಸಿ ಅಲ್ಲಿಗೆ ವರ್ಗಾಯಿಸಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದನ್ನು ಬರಹದಲ್ಲೇ ಹೇಳುತ್ತದೆ. ಎಫ್‌ಐಆರ್ ಪ್ರತಿ ಉಚಿತ. ಠಾಣೆಗೆ ಹೋಗಲು ಭಯವಿದ್ದರೆ 1098 ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿ; ಈಗ ಅದು 112ರೊಂದಿಗೆ ಜೋಡಣೆಯಾಗಿದೆ. ಠಾಣೆಯವರು ತೆಗೆದುಕೊಳ್ಳದಿದ್ದರೆ ಅದೇ ದೂರನ್ನು ಅಂಚೆ ಮೂಲಕ ಎಸ್‌ಪಿಗೆ ಕಳಿಸಿ, ಒಂದು ಪ್ರತಿಯನ್ನು ಮಕ್ಕಳ ಕಲ್ಯಾಣ ಸಮಿತಿಗೆ ಕೊಡಿ.

ಪ್ರಕರಣಗಳು ಬಿದ್ದುಹೋಗಲು ದೂರಿನ ಭಾಷೆಯೂ ಒಂದು ಕಾರಣ. ಮಗು ಹೇಳಿದ್ದನ್ನು ಬಿಟ್ಟು, ಕೇಸು ಗಟ್ಟಿಯಾಗಲಿ ಎಂದು ಯಾರೋ ಹೆಚ್ಚಿನದನ್ನು ಸೇರಿಸುತ್ತಾರೆ. ಮಗುವಿಗೆ ಗೊತ್ತಿಲ್ಲದ ತಾರೀಖನ್ನು ಖಚಿತವಾಗಿ ಬರೆಯುತ್ತಾರೆ. ಒಂದೆರಡು ವರ್ಷದ ನಂತರ ಕಟಕಟೆಯಲ್ಲಿ ಮಗು ತನಗೆ ನೆನಪಿದ್ದಷ್ಟನ್ನೇ ಹೇಳಿದಾಗ ಎರಡೂ ಕೂಡಿಬರುವುದಿಲ್ಲ. ಮಕ್ಕಳು ದಿನವನ್ನು ಗುರುತಿಟ್ಟುಕೊಳ್ಳುವುದು ಜಾತ್ರೆಯಿಂದ, ದಸರಾ ರಜೆಯಿಂದ, ಪರೀಕ್ಷೆಯಿಂದ, ಅಜ್ಜಿ ಊರಿಗೆ ಬಂದದ್ದರಿಂದ. ದೂರಿನಲ್ಲಿ ಹಾಗೆಯೇ ಇರಲಿ: "ಗಣೇಶನ ಹಬ್ಬ ಮುಗಿದು ಶಾಲೆ ಶುರುವಾದ ಮೇಲೆ." ಒಂದಕ್ಕಿಂತ ಹೆಚ್ಚು ಸಲ ನಡೆದಿದ್ದರೆ ಅದನ್ನೂ ಬರೆಸಿ.

ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಇಷ್ಟಪಟ್ಟ ಜಾಗದಲ್ಲಿ ಪಡೆಯಬೇಕು. ಸಾಧ್ಯವಾದಷ್ಟೂ ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ, ಅದೂ ಸಮವಸ್ತ್ರವಿಲ್ಲದೆ ಬರಬೇಕು. ತಂದೆ, ತಾಯಿ ಅಥವಾ ಮಗು ನಂಬುವವರು ಜೊತೆಗಿರಬೇಕು. ರಾತ್ರಿ ಹೊತ್ತು ಯಾವ ಕಾರಣಕ್ಕೂ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೋಕ್ಸೊ ಕಾಯ್ದೆಯ 24 ಮತ್ತು 26ನೇ ಸೆಕ್ಷನ್‌ಗಳನ್ನು ಹೆಸರಿಟ್ಟು, ಮೆತ್ತಗೆ ಕೇಳಿ. ಜಗಳದ ದನಿಗಿಂತ ಇದು ಬೇಗ ಕೆಲಸ ಮಾಡುತ್ತದೆ. ಬರೆದುಕೊಂಡದ್ದನ್ನು ಮಗುವಿಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿಸಿ. ಮನೆಮಾತು ತುಳು, ಉರ್ದು, ಲಂಬಾಣಿ ಏನೇ ಇರಲಿ, ಭಾಷಾಂತರಕಾರರನ್ನು ಕೇಳುವುದು ಮಗುವಿನ ಹಕ್ಕು. ಕಿವಿ ಕೇಳದ ಅಥವಾ ಬುದ್ಧಿ ಬೆಳವಣಿಗೆ ಕುಂಠಿತವಾದ ಮಗುವಿಗೆ ವಿಶೇಷ ಶಿಕ್ಷಕರನ್ನೂ ಕೇಳಬಹುದು.

ವಯಸ್ಸಿನ ದಾಖಲೆಯನ್ನು ಮೊದಲ ವಾರದಲ್ಲೇ ಜೋಡಿಸಿಕೊಳ್ಳಿ. ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಮೊದಲ ಸ್ಥಾನ, ಅದಿಲ್ಲದಿದ್ದರೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರಷ್ಟೇ ಮೂಳೆ ಪರೀಕ್ಷೆ. ಆಧಾರ್ ಕಾರ್ಡನ್ನೇ ನೆಚ್ಚಿಕೊಳ್ಳಬೇಡಿ.

ಆಸ್ಪತ್ರೆ

ಎಫ್‌ಐಆರ್ ಆಗಿಲ್ಲ ಎಂಬ ಕಾರಣಕ್ಕೆ ಯಾವ ಆಸ್ಪತ್ರೆಯೂ ಮಗುವನ್ನು ವಾಪಸು ಕಳಿಸುವಂತಿಲ್ಲ. ತುರ್ತು ಚಿಕಿತ್ಸೆಗೆ ಪೊಲೀಸ್ ಪತ್ರವಾಗಲಿ ಮ್ಯಾಜಿಸ್ಟ್ರೇಟರ ಆದೇಶವಾಗಲಿ ಬೇಡ. ಸರ್ಕಾರಿ, ಖಾಸಗಿ ಎರಡೂ ಕಡೆ ಚಿಕಿತ್ಸೆ ಉಚಿತ. ಹೆಣ್ಣುಮಗುವನ್ನು ಪರೀಕ್ಷಿಸುವವರು ವೈದ್ಯೆಯೇ ಆಗಿರಬೇಕು.

ಸಮಯ ಮುಖ್ಯ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಹತ್ತು ದಿನಕ್ಕೆ ವಾಂತಿ, ಸುಸ್ತು ಎಂದು ಬಿಟ್ಟುಬಿಡುವವರು ಹೆಚ್ಚು, ಹಾಗಾಗಿ ಮನೆಯವರಿಗೆ ಮೊದಲೇ ಹೇಳಿಡಿ. ಋತುಮತಿಯಾದ ಹುಡುಗಿಗೆ ಗರ್ಭ ತಡೆಯುವ ತುರ್ತು ಮಾತ್ರೆ ಎಷ್ಟು ಬೇಗ ಕೊಟ್ಟರೆ ಅಷ್ಟು ಒಳ್ಳೆಯದು. ದೇಹದಿಂದ ತೆಗೆಯುವ ಮಾದರಿಗಳು ಹೆಚ್ಚೆಂದರೆ 96 ಗಂಟೆಯವರೆಗೆ ಉಪಯೋಗಕ್ಕೆ ಬರುತ್ತವೆ. ಪರೀಕ್ಷೆಗೆ ಮುಂಚೆ ಸ್ನಾನ ಮಾಡಿಸದಿದ್ದರೆ ಒಳ್ಳೆಯದು. ಆಗಲೇ ಮಾಡಿಸಿದ್ದರೆ ತಾಯಿಯನ್ನು ದೂರಬೇಡಿ, ಹಾಗೆಯೇ ಕರೆದುಕೊಂಡು ಹೋಗಿ. ಬಟ್ಟೆಯನ್ನು ಒಗೆಯದೆ, ಒದ್ದೆಯಿದ್ದರೆ ನೆರಳಲ್ಲಿ ಆರಿಸಿ, ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ ಚೀಲದಲ್ಲಿ ತೇವ ಕೂತು ಬೂಸ್ಟು ಹಿಡಿಯುತ್ತದೆ, ಸಾಕ್ಷ್ಯ ಕೆಡುತ್ತದೆ.

12 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನು ಮಗುವಿನಿಂದಲೇ ಪಡೆಯಬೇಕು. ಪರೀಕ್ಷೆ ಬೇಡ ಎಂದರೂ ಚಿಕಿತ್ಸೆ ನಿಲ್ಲಬಾರದು. ಎರಡು ಬೆರಳಿನ ಪರೀಕ್ಷೆ (ಯೋನಿಯೊಳಗೆ ಬೆರಳಿಟ್ಟು ನೋಡುವುದು) ಮಾಡುವಂತೆಯೇ ಇಲ್ಲ. ಮಾಡಿದವರು ದುರ್ನಡತೆ ಎಸಗಿದಂತೆ ಎಂದು 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ವರದಿಯಲ್ಲಿ ಗಾಯ ಕಾಣದಿದ್ದರೆ ಮನೆಯವರು ಕಂಗಾಲಾಗುತ್ತಾರೆ, ಕೆಲವರು ಮಗುವನ್ನೇ ಅನುಮಾನಿಸುತ್ತಾರೆ. ದೌರ್ಜನ್ಯವಾದ ಹೆಚ್ಚಿನ ಮಕ್ಕಳ ದೇಹದಲ್ಲಿ ಗುರುತು ಇರುವುದೇ ಇಲ್ಲ ಎಂದು ವೈದ್ಯರ ಬಾಯಿಂದಲೇ ಅವರಿಗೆ ಹೇಳಿಸಿ.

ಗರ್ಭ ನಿಂತಿದ್ದರೆ ಒಂದು ದಿನವೂ ಕಳೆಯಬಾರದು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅಪ್ರಾಪ್ತರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ, 20 ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯ ಬೇಕು. 24 ದಾಟಿದರೆ ಹೈಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಕೇಸು ನಡೆಯುತ್ತಿದ್ದರೆ ಡಿಎನ್‌ಎ ಪರೀಕ್ಷೆಗೆ ಭ್ರೂಣದ ಮಾದರಿ ಉಳಿಸಬೇಕೆಂದು ಆಸ್ಪತ್ರೆಗೂ ತನಿಖಾಧಿಕಾರಿಗೂ ಮುಂಚಿತವಾಗಿ ಬರೆದು ತಿಳಿಸಿ.

ಇಲ್ಲೇ ಹೇಳಬೇಕಾದ ಇನ್ನೊಂದು ಮಾತಿದೆ. ಹದಿನಾರು, ಹದಿನೇಳರ ಹುಡುಗಿ ತಾನು ಪ್ರೀತಿಸಿದ ಹುಡುಗನ ಜೊತೆಗಿದ್ದು, ಮನೆಯವರು ದೂರು ಕೊಟ್ಟ ಪ್ರಕರಣಗಳೂ ಇದೇ ಕಾಯ್ದೆಯಡಿ ಬರುತ್ತವೆ. ಕಾನೂನು 18ರೊಳಗಿನ ಒಪ್ಪಿಗೆಯನ್ನು ಒಪ್ಪುವುದಿಲ್ಲ. ಆದರೂ ಅವಳನ್ನು "ಸಂತ್ರಸ್ತೆ" ಎಂದು ಕರೆಯುತ್ತಾ ಕೂತರೆ ಅವಳು ನಿಮ್ಮ ಜೊತೆ ಮಾತೇ ಆಡುವುದಿಲ್ಲ. ಅವಳ ಸುರಕ್ಷತೆ, ಓದು, ಆರೋಗ್ಯ, ಮನೆಯಲ್ಲಿ ಹೊಡೆತ ಅಥವಾ ಅವಸರದ ಮದುವೆಯ ಭಯ, ಇವನ್ನು ಮುಂದಿಟ್ಟು ಮಾತಾಡಿ. ಇಂಥ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ, ಗರ್ಭಪಾತ ಮಾಡುವ ವೈದ್ಯರು ಪೊಲೀಸರಿಗೆ ಕೊಡುವ ಮಾಹಿತಿಯಲ್ಲಿ ಅವಳ ಗುರುತು ಬರೆಯಬೇಕಾಗಿಲ್ಲ ಎಂದು 2022ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ.

ಮಕ್ಕಳ ಕಲ್ಯಾಣ ಸಮಿತಿ ಮತ್ತು ಬೆಂಬಲ ವ್ಯಕ್ತಿ

ಪೊಲೀಸರು 24 ಗಂಟೆಯೊಳಗೆ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ತಿಳಿಸಬೇಕು. 2020ರ ಪೋಕ್ಸೊ ನಿಯಮಗಳಲ್ಲಿ ಎರಡು ನಮೂನೆಗಳಿವೆ: ಮಗುವಿಗೆ ಸಿಗಬೇಕಾದ ಹಕ್ಕು, ನೆರವುಗಳ ಪಟ್ಟಿಯಾದ ಫಾರ್ಮ್ ಎ, ಮಗುವಿನ ಸ್ಥಿತಿಯ ಪ್ರಾಥಮಿಕ ವರದಿಯಾದ ಫಾರ್ಮ್ ಬಿ. ಫಾರ್ಮ್ ಎ ಕೈಗೆ ಬರದಿದ್ದರೆ ಕೇಳಿ ಪಡೆಯಿರಿ.

ಆರೋಪಿ ಅದೇ ಮನೆಯಲ್ಲಿದ್ದರೆ ಅಥವಾ ಮಗುವಿಗೆ ಪೋಷಕರ ಆಸರೆಯಿಲ್ಲದಿದ್ದರೆ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ಸಮಿತಿ ಮೂರು ದಿನದಲ್ಲಿ ತೀರ್ಮಾನಿಸಬೇಕು. ಉಳಿದ ಪ್ರಕರಣಗಳಲ್ಲಿ ಮಗುವನ್ನು ಖುದ್ದಾಗಿ ಸಮಿತಿಗೆ ಎಳೆದೊಯ್ಯುವ ಅಗತ್ಯವಿಲ್ಲ. ಸಾಧ್ಯವಿದ್ದಾಗಲೆಲ್ಲ ಮಗು ಮನೆಯಲ್ಲಿರಲಿ, ಆರೋಪಿ ಹೊರಗೆ ಹೋಗಲಿ ಎಂದು ವಾದಿಸಿ. ಮಗುವನ್ನೇ ಬಾಲಮಂದಿರಕ್ಕೆ ಕಳಿಸಿದರೆ ತಪ್ಪು ಮಾಡಿದ್ದು ತಾನೇ ಎಂದು ಅದು ತಿಳಿದುಕೊಳ್ಳುತ್ತದೆ.

ತನಿಖೆ, ವಿಚಾರಣೆಯ ಉದ್ದಕ್ಕೂ ಮಗುವಿನ ಜೊತೆಗಿರಲು ಸಮಿತಿ ಬೆಂಬಲ ವ್ಯಕ್ತಿಯನ್ನು ನೇಮಿಸಬಹುದು. ಪೋಷಕರಿಗೆ ಇದು ಗೊತ್ತಿರಲಿ ಬಿಡಲಿ, ಎಲ್ಲ ಪ್ರಕರಣಗಳಲ್ಲೂ ಈ ನೆರವಿನ ಬಗ್ಗೆ ಅವರಿಗೆ ತಿಳಿಸಲೇಬೇಕೆಂದು 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಮಿತಿಗೆ ಒಂದು ಪುಟದ ಅರ್ಜಿ ಸಾಕು. ನೇಮಕದ ಆದೇಶದ ಪ್ರತಿಯನ್ನು ತನಿಖಾಧಿಕಾರಿಗೂ ವಿಶೇಷ ಸರ್ಕಾರಿ ಅಭಿಯೋಜಕರಿಗೂ (ಸರ್ಕಾರದ ಪರ ಕೇಸು ನಡೆಸುವ ವಕೀಲರಿಗೂ) ಮುಟ್ಟಿಸಿ. ಇಲ್ಲದಿದ್ದರೆ ಸಾಕ್ಷ್ಯದ ದಿನ ನಿಮ್ಮನ್ನು ಬಾಗಿಲಲ್ಲೇ ತಡೆಯುತ್ತಾರೆ. ಬೆಂಬಲ ವ್ಯಕ್ತಿ ಸಮಿತಿಗೆ ಪ್ರತಿ ತಿಂಗಳು ವರದಿ ಕೊಡಬೇಕು. ನಿದ್ದೆ, ಊಟ, ಶಾಲೆ, ಮನೆಯ ಪರಿಸ್ಥಿತಿ, ಬೆದರಿಕೆ, ಸಿಕ್ಕ ಮತ್ತು ಸಿಗದ ನೆರವು, ಇಷ್ಟು ಬರೆಯಿರಿ. ಘಟನೆಯ ವಿವರ ಅಲ್ಲಿ ಬೇಡ.

ಸಮಾಲೋಚನೆಯ ಕೋಣೆ

ಕೇಸು ಮುಗಿಯುವ ತನಕ ಆಪ್ತ ಸಮಾಲೋಚನೆ ಮಾಡಬಾರದು, ಸಾಕ್ಷ್ಯ ಕೆಡುತ್ತದೆ ಎಂಬ ಮಾತು ಠಾಣೆಗಳಲ್ಲೂ ಕೋರ್ಟಿನ ಪಡಸಾಲೆಯಲ್ಲೂ ಕೇಳಿಬರುತ್ತದೆ. ಕಾನೂನಿನಲ್ಲಿ ಅಂಥ ತಡೆಯಿಲ್ಲ. ಎರಡು ವರ್ಷ ನಿದ್ದೆಗೆಟ್ಟ ಮಗು ಒಳ್ಳೆಯ ಸಾಕ್ಷಿಯೂ ಆಗಲಾರದು. ಸಮಾಲೋಚನೆಗೂ ಹೇಳಿಕೊಡುವುದಕ್ಕೂ ಇರುವ ಗೆರೆಯನ್ನು ಮಾತ್ರ ಬಿಗಿಯಾಗಿ ಕಾಯಬೇಕು: ಭಾವನೆಯ ಬಗ್ಗೆ ಎಷ್ಟು ಬೇಕಾದರೂ ಮಾತಾಡಿ, ಘಟನೆಯ ವಿವರವನ್ನು ತಿದ್ದಬೇಡಿ, ತುಂಬಬೇಡಿ, ಉರು ಹೊಡೆಸಬೇಡಿ. ನಿಮ್ಮ ಟಿಪ್ಪಣಿಗಳನ್ನು ನ್ಯಾಯಾಲಯ ತರಿಸಿಕೊಳ್ಳಬಹುದು. ಹಾಗಾಗಿ ಚಿಕ್ಕದಾಗಿ, ಮಗುವಿನ ಮಾತನ್ನು ಮಗುವಿನ ಮಾತಾಗಿ, ನಿಮ್ಮ ಊಹೆಯನ್ನು ಊಹೆಯೆಂದೇ ಬರೆಯಿರಿ.

ಮೊದಲ ಎರಡು, ಮೂರು ಭೇಟಿಗಳಲ್ಲಿ ಘಟನೆಯ ಮಾತೇ ಬೇಡ. ಚಿತ್ರ, ಜೇಡಿಮಣ್ಣು, ಚೌಕಾಬಾರಾ, ಶಾಲೆಯ ಮಾತು. ಪ್ರತಿಸಲ ಅದೇ ದಿನ, ಅದೇ ಹೊತ್ತು, ಅದೇ ಕೋಣೆ ಇರಲಿ. ಬರಲಾಗದಿದ್ದರೆ ಮೊದಲೇ ಮಗುವಿಗೆ ಹೇಳಿ. ದೊಡ್ಡವರು ಮಾತು ಮುರಿದದ್ದರಿಂದಲೇ ಈ ಮಗು ಇಲ್ಲಿಗೆ ಬಂದಿದೆ, ಆದ್ದರಿಂದ ನೀವು ಹೇಳಿದ ಸಮಯಕ್ಕೆ ಬರುವುದೇ ಚಿಕಿತ್ಸೆಯ ಒಂದು ಭಾಗ. ಬಾಗಿಲು ಯಾವ ಕಡೆ, ಎಲ್ಲಿ ಕೂರಬೇಕು, ಯಾವಾಗ ನಿಲ್ಲಿಸಬೇಕು ಎಂಬುದನ್ನು ಮಗು ಆರಿಸಲಿ. ಸಮಾಧಾನ ಮಾಡಲೆಂದು ಕೇಳದೆ ತಲೆ ಸವರುವುದು, ತಬ್ಬಿಕೊಳ್ಳುವುದು ಬೇಡ.

ಏನು ಕಾಣುತ್ತದೆ ಎಂಬುದು ವಯಸ್ಸಿನ ಮೇಲೆ ಹೋಗುತ್ತದೆ. ನಾಲ್ಕೈದು ವರ್ಷದ ಮಗು ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮತ್ತೆ ಶುರುಮಾಡಬಹುದು, ಅಮ್ಮನ ಸೆರಗು ಬಿಡದಿರಬಹುದು, ಆಟದಲ್ಲಿ ಅದನ್ನೇ ಮತ್ತೆ ಮತ್ತೆ ಆಡಬಹುದು. ಶಾಲೆಯ ಮಗುವಿಗೆ ಹೊಟ್ಟೆನೋವು, ಗಮನವಿಲ್ಲದಿರುವುದು, ಸಿಡುಕು. ಹದಿಹರೆಯದಲ್ಲಿ ಮೌನ, ಮೈ ಕೊಯ್ದುಕೊಳ್ಳುವುದು, ಮನೆ ಬಿಟ್ಟು ಓಡುವುದು. ಗಂಡುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಲೇಬೇಕು. ಪೋಕ್ಸೊ ಕಾಯ್ದೆ ಹುಡುಗ, ಹುಡುಗಿ ಇಬ್ಬರಿಗೂ ಒಂದೇ, ಆದರೆ ಹುಡುಗರು ಹೇಳುವುದು ಕಡಿಮೆ. ದೇಹ ತಾನಾಗಿ ಸ್ಪಂದಿಸಿದ್ದಕ್ಕೆ ತನಗೂ ಇಷ್ಟವಿತ್ತೇನೋ ಎಂಬ ನಾಚಿಕೆ ಅವರನ್ನು ತಿನ್ನುತ್ತಿರುತ್ತದೆ. ಚಳಿಗೆ ಮೈ ನಡುಗುವ ಹಾಗೆ ಅದು ದೇಹದ ಕೆಲಸ, ಮನಸ್ಸಿನ ಒಪ್ಪಿಗೆ ಅಲ್ಲ ಎಂದು ನೇರವಾಗಿ ಹೇಳಿ.

ದುಃಸ್ವಪ್ನ, ಬೆಚ್ಚಿಬೀಳುವುದು, ದೂರ ಸರಿಯುವುದು ತಿಂಗಳು ದಾಟಿಯೂ ಇಳಿಯದಿದ್ದರೆ ತರಬೇತಿ ಪಡೆದ ಚಿಕಿತ್ಸಕರ ಬಳಿ ಕಳಿಸಿ. ಕೋಹೆನ್, ಮನ್ನಾರಿನೊ, ಡೆಬ್ಲಿಂಗರ್ ರೂಪಿಸಿದ ಆಘಾತ ಕೇಂದ್ರಿತ ಅರಿವು-ವರ್ತನೆ ಚಿಕಿತ್ಸೆಗೆ ಒಳ್ಳೆಯ ಆಧಾರವಿದೆ. ಸಾಮಾನ್ಯವಾಗಿ 12ರಿಂದ 16 ಭೇಟಿ. ಅದರಲ್ಲಿ ಉಸಿರಾಟ, ಭಾವನೆಗೆ ಹೆಸರಿಡುವುದು ಮೊದಲು. ಘಟನೆಯ ಕಥನ ನಡುವೆ. ಮುಂದಿನ ಸುರಕ್ಷತೆ ಕೊನೆಗೆ. ಹೆತ್ತವರಿಗೂ ಸಮಾನಾಂತರವಾಗಿ ಭೇಟಿಗಳಿರುತ್ತವೆ. ಈ ಕ್ರಮ ತಲೆಕೆಳಗಾದರೆ, ಅಂದರೆ ಮೊದಲ ದಿನವೇ "ಎಲ್ಲ ಹೇಳಿ ಹಗುರಾಗು" ಎಂದರೆ, ಮಗು ಎರಡನೆಯ ಸಲ ಬರುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ; ದೂರದ ಊರಿನವರು ಮಾನಸಿಕ ಆರೋಗ್ಯದ ಸಹಾಯವಾಣಿಯಾದ 14416 ಟೆಲಿ ಮನಸ್‌ಗೆ ಫೋನ್ ಮಾಡಿ ಹತ್ತಿರದ ಸೇವೆ ಕೇಳಬಹುದು. ಸಾಯುವ ಮಾತು ಬಂದರೆ ಮಾತ್ರ ಕಾಯುವುದಿಲ್ಲ: ಅಂದೇ ವೈದ್ಯರು, ಮನೆಯಲ್ಲಿ ಕೀಟನಾಶಕ, ಮಾತ್ರೆಗಳಿಗೆ ಬೀಗ, ರಾತ್ರಿ ಪಕ್ಕದಲ್ಲಿ ಒಬ್ಬರು.

ಮನೆಯವರು

ಮಗು ಚೇತರಿಸಿಕೊಳ್ಳಲು ಬೇರೆಲ್ಲಕ್ಕಿಂತ ಹೆಚ್ಚು ಬೇಕಾದದ್ದು, ತನ್ನನ್ನು ನಂಬುವ ಒಬ್ಬ ಹಿರಿಯರು. ಹೆಚ್ಚಾಗಿ ಅದು ತಾಯಿ. ಆ ತಾಯಿಯ ಸ್ಥಿತಿ ನೋಡಿ: ಆರೋಪಿ ಗಂಡನೇ ಆಗಿದ್ದರೆ ಸಂಬಳ ನಿಂತಿದೆ, ಬಾಡಿಗೆ ಮನೆ ಅವನ ಹೆಸರಲ್ಲಿದೆ, ಅತ್ತೆಮನೆಯವರು ಬಾಗಿಲಲ್ಲಿದ್ದಾರೆ, ಊರು ಇವಳನ್ನೇ ಬೈಯುತ್ತಿದೆ. ಅವಳಿಗೆ ಉಪದೇಶಕ್ಕಿಂತ ಮೊದಲು ರೇಷನ್ನು ಬೇಕು. ಪೋಕ್ಸೊ ನಿಯಮ 8ರ ಪ್ರಕಾರ ಊಟ, ಬಟ್ಟೆ, ಓಡಾಟದಂಥ ತುರ್ತು ಖರ್ಚಿಗೆ ವಿಶೇಷ ಪರಿಹಾರ ಕೊಡಿಸಲು ಮಕ್ಕಳ ಕಲ್ಯಾಣ ಸಮಿತಿ ಶಿಫಾರಸು ಮಾಡಬಹುದು, ಅದು ಒಂದು ವಾರದೊಳಗೆ ಕೈಸೇರಬೇಕು. ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಡಿ ಅರ್ಹ ಕುಟುಂಬದ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ತಾಯಿಗೆ ಪ್ರತ್ಯೇಕ ಸಮಯ ಕೊಡಿ, ಮಗುವಿನ ಎದುರು ಅಳಿಸಬೇಡಿ. "ನಂಗ್ಯಾಕೆ ಗೊತ್ತಾಗಲಿಲ್ಲ" ಎಂದು ಕೊರಗುವವಳಿಗೆ, ದೌರ್ಜನ್ಯ ಮಾಡುವವರು ಮಗುವಿಗಿಂತ ಮುಂಚೆ ಮನೆಯವರ ವಿಶ್ವಾಸ ಗಳಿಸುತ್ತಾರೆ ಎಂದು ವಿವರಿಸಿ. ತಂದೆಯ ಸಿಟ್ಟಿಗೂ ಜಾಗ ಬೇಕು; ಅವರಿಗೆ ಕೆಲಸ ಹಂಚಿ, ದಾಖಲೆ ಜೋಡಿಸುವುದು, ಶಾಲೆಗೆ ಬಿಟ್ಟುಬರುವುದು. ಅಣ್ಣ ತಂಗಿಯರನ್ನು ಮರೆಯಬೇಡಿ: ಅವರಿಗೂ ಆಗಿರಬಹುದು, ಇಲ್ಲವೇ ಮನೆ ಒಡೆದದ್ದಕ್ಕೆ ಅವರು ಈ ಮಗುವನ್ನು ದೂರುತ್ತಿರಬಹುದು.

ಆಟ, ಪಾಠ, ಬೇಗ ಮಲಗುವುದು, ತಪ್ಪು ಮಾಡಿದರೆ ಸಣ್ಣ ಗದರಿಕೆ, ಎಲ್ಲ ಹಿಂದಿನಂತೆ ಇರಲಿ. ಶಾಲೆ ಬಿಡಿಸುವುದು ದೊಡ್ಡ ನಷ್ಟ. ಮುಖ್ಯೋಪಾಧ್ಯಾಯರಿಗೂ ಒಬ್ಬ ಶಿಕ್ಷಕರಿಗೂ ಮಾತ್ರ, ಅದೂ ಬೇಕಾದಷ್ಟೇ ತಿಳಿಸಿ, ಹಾಜರಾತಿಗೆ ವಿನಾಯಿತಿ ಕೇಳಿ. ಹೆಸರು, ಶಾಲೆ, ಊರು, ಮನೆಯವರ ಗುರುತು ಯಾವುದೂ ಪತ್ರಿಕೆಗೆ, ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಉಲ್ಲಂಘಿಸಿದರೆ ಜೈಲುಶಿಕ್ಷೆಯಿದೆ. "ಮಗುವಿಗೆ ನ್ಯಾಯ" ಎಂದು ಫೋಟೊ ಹಾಕುವ ಹಿತೈಷಿಗಳಿಗೂ ಇದು ಅನ್ವಯ.

ಹೇಳಿಕೆ ಬದಲಾಗುವ ಹೊತ್ತು

"ಅಂಥದ್ದೇನೂ ಆಗಿಲ್ಲ, ನಾನು ಸುಳ್ಳು ಹೇಳಿದ್ದೆ" ಎಂದು ಮಗು ಒಂದು ದಿನ ಹೇಳಬಹುದು. ಗುಟ್ಟು, ಅಸಹಾಯಕತೆ, ಹೊಂದಿಕೊಳ್ಳುವಿಕೆ, ತಡವಾಗಿ ಹೇಳುವುದು, ಕೊನೆಗೆ ಹೇಳಿದ್ದನ್ನು ಹಿಂತೆಗೆದುಕೊಳ್ಳುವುದು ಎಂಬ ಸರಣಿಯನ್ನು ಮನೋವೈದ್ಯ ರೋಲಂಡ್ ಸಮಿಟ್ 1983ರಲ್ಲೇ ವಿವರಿಸಿದ್ದರು. ಮಗು ಹೇಳಿದ ಮೇಲೆ ಮನೆಯ ದೊಡ್ಡವರಿಗೆಲ್ಲ ಕಷ್ಟವಾಯಿತು, ಹಿಂತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ. ಮಗುವಿನ ಲೆಕ್ಕ ಇಷ್ಟು ಸರಳ.

ಸುಳಿವುಗಳು ಮುಂಚೆಯೇ ಸಿಗುತ್ತವೆ. ಮನೆಯವರು ಫೋನ್ ಎತ್ತುವುದಿಲ್ಲ. ಮಗುವನ್ನು ಇದ್ದಕ್ಕಿದ್ದಂತೆ ಚಿಕ್ಕಮ್ಮನ ಊರಿಗೆ ಕಳಿಸಿರುತ್ತಾರೆ. ರಾಜಿ ಪಂಚಾಯಿತಿಯ ಸುದ್ದಿ, ಸಾಲ ತೀರಿದ ಸುದ್ದಿ ಬರುತ್ತದೆ. ಮದುವೆಯ ಮಾತು ಎದ್ದಿರುತ್ತದೆ. ಆಗ ಗದರಬೇಡಿ, "ಕೇಸು ಬಿದ್ದುಹೋಗುತ್ತೆ" ಎಂದು ಹೆದರಿಸಬೇಡಿ. ಮಗುವನ್ನು ಅದು ನಂಬುವ ಜಾಗದಲ್ಲಿ ಕಂಡು ಒಂದೇ ಕೇಳಿ: "ಈಗ ನಿನಗೆ ಏನು ಆಗುತ್ತೆ ಅಂತ ಭಯ?" ಉತ್ತರದಲ್ಲಿ ಮಾಡಬೇಕಾದ ಕೆಲಸ ಇರುತ್ತದೆ. ಬಾಡಿಗೆಯ ಭಯವಾದರೆ ಪರಿಹಾರದ ಅರ್ಜಿ. ಬೆದರಿಕೆಯಾದರೆ ಲಿಖಿತ ದೂರು, ಅಭಿಯೋಜಕರ ಮೂಲಕ ಜಾಮೀನು ರದ್ದತಿಗೆ ಅರ್ಜಿ, ಜೊತೆಗೆ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಅರ್ಜಿ. ಆ ಯೋಜನೆಯಲ್ಲಿ ಬೆದರಿಕೆಯ ವರದಿಯನ್ನು ಪೊಲೀಸರು ಐದು ಕೆಲಸದ ದಿನಗಳಲ್ಲಿ ಕೊಡಬೇಕು. ಮದುವೆಯ ಮಾತಾದರೆ ಕೂಡಲೇ 1098. ಮಗು ಕೊನೆಗೂ ಬದಲಾಯಿಸಿ ಹೇಳಿದರೆ ನೀವು ದೂರವಾಗಬೇಡಿ. ಸುಳ್ಳು ದೂರಿನ ಶಿಕ್ಷೆ ಮಗುವಿಗೆ ಅನ್ವಯಿಸುವುದಿಲ್ಲ ಎಂದು 22ನೇ ಸೆಕ್ಷನ್ ಹೇಳುತ್ತದೆ. ಮನೆಯವರನ್ನು ಇದರ ಹೆಸರಲ್ಲಿ ಹೆದರಿಸುವವರಿಗೆ ಇದನ್ನು ತೋರಿಸಿ.

ಕೋರ್ಟು

ಚಾರ್ಜ್‌ಶೀಟ್ ಆದ ಮೇಲೆ ಪ್ರಕರಣದ ಸಂಖ್ಯೆ ಬದಲಾಗುತ್ತದೆ. ಪ್ರಕರಣದ ಗುರುತಾದ 16 ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಬರೆದಿಟ್ಟುಕೊಂಡರೆ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಮುಂದಿನ ದಿನಾಂಕ ನೋಡಬಹುದು. ಗಂಭೀರ ಲೈಂಗಿಕ ಅಪರಾಧಗಳ ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು, ಪ್ರಗತಿಯನ್ನು 90 ದಿನದೊಳಗೆ ನೊಂದವರಿಗೆ ತಿಳಿಸಬೇಕು. ಪ್ರಕರಣವನ್ನು ನ್ಯಾಯಾಲಯ ಕೈಗೆತ್ತಿಕೊಂಡ 30 ದಿನದಲ್ಲಿ ಮಗುವಿನ ಸಾಕ್ಷ್ಯ, ಒಂದು ವರ್ಷದಲ್ಲಿ ವಿಚಾರಣೆ ಮುಗಿಯಬೇಕೆಂದು ಪೋಕ್ಸೊ ಕಾಯ್ದೆಯ 35ನೇ ಸೆಕ್ಷನ್ ಹೇಳುತ್ತದೆ, "ಸಾಧ್ಯವಾದಷ್ಟೂ" ಎಂಬ ಮಾತಿನೊಂದಿಗೆ. ಇದಕ್ಕಿಂತ ತಡವಾಗುವುದು ಸಾಮಾನ್ಯ ಎಂದು ಮನೆಯವರಿಗೆ ಮೊದಲೇ ಹೇಳಿ. ಸರ್ಕಾರಿ ಅಭಿಯೋಜಕರ ಜೊತೆಗೆ ಸ್ವಂತ ವಕೀಲರು ಬೇಕಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ, ಸಹಾಯವಾಣಿ 15100.

ಸಾಕ್ಷ್ಯಕ್ಕೆ ಒಂದು ವಾರ ಮುಂಚೆ, ಕೋರ್ಟು ಖಾಲಿಯಿರುವ ಹೊತ್ತಲ್ಲಿ ಮಗುವಿಗೆ ಕೋಣೆ ತೋರಿಸಿ. ಜಡ್ಜ್ ಎಲ್ಲಿ, ಟೈಪಿಸ್ಟ್ ಎಲ್ಲಿ, ಅಮ್ಮ ಎಲ್ಲಿ ಕೂರುತ್ತಾಳೆ, ಟಾಯ್ಲೆಟ್ ಎಲ್ಲಿ. ಆರೋಪಿ ಕಣ್ಣಿಗೆ ಬೀಳದ ಹಾಗೆ ಪರದೆ ಅಥವಾ ವಿಡಿಯೊ ವ್ಯವಸ್ಥೆ ಬೇಕೆಂದು 36ನೇ ಸೆಕ್ಷನ್ ಅಡಿ ಅಭಿಯೋಜಕರಿಂದ ಅರ್ಜಿ ಹಾಕಿಸಿ. ಆ ದಿನ ಬಾಯಲ್ಲಿ ಕೇಳಿದರೆ ಪರದೆ ಸಿಗುವುದಿಲ್ಲ. ಒಳಗಿನ ವ್ಯವಸ್ಥೆ ಸರಿಯಿದ್ದೂ ಪಡಸಾಲೆಯಲ್ಲಿ, ಗೇಟಿನ ಬಳಿ, ಬಸ್ ಸ್ಟ್ಯಾಂಡಿನಲ್ಲಿ ಆರೋಪಿಯ ಕಡೆಯವರು ಎದುರಾಗುವುದೇ ಹೆಚ್ಚು. ಯಾವ ಬಾಗಿಲಿಂದ ಬರಬೇಕು, ಎಲ್ಲಿ ಕಾಯಬೇಕು ಎಂದು ಕೋರ್ಟು ಸಿಬ್ಬಂದಿಯೊಡನೆ ಗೊತ್ತುಮಾಡಿಕೊಳ್ಳಿ. ಪರೀಕ್ಷೆಯ ದಿನಕ್ಕೆ ಸಮನ್ಸ್ ಬಂದರೆ ವೇಳಾಪಟ್ಟಿಯ ಪ್ರತಿ ಕೊಟ್ಟು ಬೇರೆ ದಿನ ಕೇಳಿ.

ಮಗುವಿಗೆ ಕಲಿಸಬಹುದಾದ್ದು ನಾಲ್ಕೇ ಮಾತು: "ಗೊತ್ತಿಲ್ಲ", "ನೆನಪಿಲ್ಲ", "ಪ್ರಶ್ನೆ ಅರ್ಥ ಆಗಲಿಲ್ಲ", "ಸ್ವಲ್ಪ ಹೊತ್ತು ಬೇಕು". ಉತ್ತರ ಏನು ಎಂಬುದು ನಿಮ್ಮ ಕೆಲಸದ ಹೊರಗೆ. ವಕೀಲರು ಮಗುವಿಗೆ ನೇರವಾಗಿ ಕೇಳುವಂತಿಲ್ಲ. ಪ್ರಶ್ನೆಗಳು ನ್ಯಾಯಾಧೀಶರ ಮೂಲಕ ಬರಬೇಕು, ನಡುನಡುವೆ ಬಿಡುವು ಕೊಡಬೇಕು, ಮಗುವಿನ ಮನಸ್ಸು ಒಡೆಯುವಂಥ ಪ್ರಶ್ನೆಗೆ ತಡೆಯಿದೆ. ಇವು 33ನೇ ಸೆಕ್ಷನ್‌ನಲ್ಲಿವೆ. ಮೀರಿದಾಗ ನೀವು ಎದ್ದು ಮಾತಾಡಬೇಡಿ, ಅಭಿಯೋಜಕರಿಗೆ ಚೀಟಿ ಕೊಡಿ. ಚೀಲದಲ್ಲಿ ನೀರು, ತಿಂಡಿ, ಬಣ್ಣದ ಪೆನ್ಸಿಲು, ಒಂದು ಜೊತೆ ಬಟ್ಟೆ, ದೊಡ್ಡ ಹುಡುಗಿಯಾದರೆ ಪ್ಯಾಡು ಇರಲಿ. ಕರೆಸಿ ಸಾಕ್ಷ್ಯ ತೆಗೆದುಕೊಳ್ಳದೆ ಕಳಿಸಿದರೆ, ಮಗು ಹಾಜರಿತ್ತು ಎಂದು ಆದೇಶದ ಹಾಳೆಯಲ್ಲಿ ಬರೆಸಲು ಅಭಿಯೋಜಕರನ್ನು ಕೇಳಿ, ಮುಂದಿನ ದಿನಾಂಕ ತಿಳಿದೇ ಹೊರಡಿ.

ಪರಿಹಾರಕ್ಕೆ ತೀರ್ಪಿನ ತನಕ ಕಾಯಬೇಕಿಲ್ಲ. ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲೂ ನಿಯಮ 9ರಡಿ ಮಧ್ಯಂತರ ಪರಿಹಾರ ಕೇಳಬಹುದು. ಆರೋಪಿ ಸಿಗದಿದ್ದರೂ, ಬಿಡುಗಡೆಯಾದರೂ ಅಂತಿಮ ಪರಿಹಾರಕ್ಕೆ ಅವಕಾಶವಿದೆ. ಆದೇಶವಾದ 30 ದಿನದೊಳಗೆ ಸರ್ಕಾರ ಪಾವತಿಸಬೇಕು. ಅರ್ಜಿಗೆ ಚಿಕಿತ್ಸೆಯ ಬಿಲ್ಲು, ಬಸ್ ಟಿಕೆಟು, ತಾಯಿ ಕೂಲಿ ಕಳೆದುಕೊಂಡ ದಿನಗಳ ಪಟ್ಟಿ, ಶಾಲೆ ಬದಲಾಯಿಸಿದ ದಾಖಲೆ, ಸಮಾಲೋಚಕರ ವರದಿ ಸೇರಿಸಿ. ಹಣ ನಿಲ್ಲುವುದು ಹೆಚ್ಚಾಗಿ ಬ್ಯಾಂಕಿನಲ್ಲಿ: ಖಾತೆಯಲ್ಲಿ ಒಂದು ಹೆಸರು, ಆಧಾರದಲ್ಲಿ ಇನ್ನೊಂದು, ಖಾತೆ ನಿಷ್ಕ್ರಿಯವಾಗಿರುತ್ತದೆ, ಕೆಲವೊಮ್ಮೆ ಖಾತೆಯ ಪೋಷಕನೇ ಆರೋಪಿ. ಅರ್ಜಿಗೆ ಮುಂಚೆಯೇ ಮಗುವಿನ ಹೆಸರಲ್ಲಿ ಸುರಕ್ಷಿತ ಪೋಷಕರ ಜೊತೆ ಹೊಸ ಖಾತೆ ತೆರೆಸಿ.

ತೀರ್ಪಿನ ನಂತರ

ತೀರ್ಪಿನ ದಿನ ಮಗು ಕೋರ್ಟಿನಲ್ಲಿ ಇರಬೇಕಿಲ್ಲ. ಸುದ್ದಿಯನ್ನು ನೀವು ಅಥವಾ ತಾಯಿ, ನೆರೆಯವರಿಂದ ಕಿವಿಗೆ ಬೀಳುವ ಮೊದಲು ಹೇಳಿ. ಬಿಡುಗಡೆಯಾದರೆ "ನೀನು ಸುಳ್ಳು ಹೇಳಿದೆ ಅಂತ ಕೋರ್ಟು ಹೇಳಿಲ್ಲ, ಸಾಕ್ಷ್ಯ ಸಾಲದು ಅಂದಿದೆ" ಎನ್ನಿ, ಆದರೆ ತೀರ್ಪನ್ನು ಮೊದಲು ಓದಿ, ಅದರಲ್ಲಿ ಹಾಗಿದ್ದರಷ್ಟೇ. ನೊಂದವರಿಗೂ ಮೇಲ್ಮನವಿಯ ಹಕ್ಕಿದೆ, ಗಡುವು ಮೀರುವ ಮುಂಚೆ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕಾಣಿ. ಶಿಕ್ಷೆಯಾದರೂ ಮಗು ಖುಷಿಪಡಬೇಕೆಂದು ನಿರೀಕ್ಷಿಸಬೇಡಿ. ಆರೋಪಿ ಮನೆಯವನೇ ಆಗಿದ್ದರೆ ಅದು ಅಳಬಹುದು.

ನಿಮ್ಮ ಭೇಟಿಗಳನ್ನು ಒಮ್ಮೆಗೇ ನಿಲ್ಲಿಸಬೇಡಿ. ಎರಡು ಮೂರು ತಿಂಗಳು ಮೊದಲೇ ಮಗುವಿಗೆ ತಿಳಿಸಿ, ವಾರದ ಭೇಟಿಯನ್ನು ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಇಳಿಸಿ. ಋತುಮತಿಯಾಗುವಾಗ, ಆರೋಪಿ ಜೈಲಿನಿಂದ ಹೊರಬಂದಾಗ, ಮದುವೆಯ ಮಾತು ಬಂದಾಗ ಹಳೆಯದು ಮತ್ತೆ ಏಳಬಹುದು ಎಂದು ಮನೆಯವರಿಗೆ ಹೇಳಿ, ಆಗ ಯಾರನ್ನು ಕೇಳಬೇಕೆಂಬ ವಿಳಾಸ ಬರೆದುಕೊಡಿ. ಮೂಲ ದಾಖಲೆಗಳೆಲ್ಲವನ್ನೂ ಪಟ್ಟಿ ಮಾಡಿ ಕುಟುಂಬಕ್ಕೆ ಹಿಂದಿರುಗಿಸಿ ಸಹಿ ಪಡೆಯಿರಿ. ನಿಮ್ಮ ಫೋನಿನಲ್ಲಿರುವ ಎಫ್‌ಐಆರ್, ವೈದ್ಯಕೀಯ ವರದಿ, ಮಗುವಿನ ಫೋಟೊಗಳನ್ನು ಅಳಿಸಿ. ಉಳಿಸಲೇಬೇಕಾದ ಟಿಪ್ಪಣಿಗಳನ್ನು ಮಗುವಿನ ಹೆಸರಿಲ್ಲದೆ, ಸಂಖ್ಯೆಯ ಗುರುತಿನಲ್ಲಿ, ಬೀಗದೊಳಗಿಡಿ.